ಡಾ. ಹೋಮಿ ಜಹಾಂಗೀರ್ ಭಾಭಾ (1909–1966): ಜೀವನ ಹಾಗೂ ಪರಮಾಣು ಬೀಜದ ಬಲಗಳ ಕುರಿತ ಸಂಶೋಧನೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಭೂಮಿ ಮಂಜೂರಾದ ತರುವಾಯ ಭಾಭಾ ಎಂಬ ಹೆಸರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಜನರಿಗೂ ಪರಿಚಿತವಾಗಿದೆ. ಜಾತಿ, ಆದಾಯ ಹಾಗೂ ವಾಸಸ್ಥಳ ದೃಢೀಕರಣ ಪತ್ರಗಳನ್ನು ಕೋರಿ ಬರುವ ಯುವಜನರು ಉದ್ಯೋಗ ಅಥವಾ ತರಬೇತಿಯ ಪ್ರಕಟಣೆಗಳಲ್ಲಿ ಈ ಹೆಸರನ್ನು ಓದಿರುತ್ತಾರೆ. ಆದರೆ ಆ ಹೆಸರಿನ ವ್ಯಕ್ತಿ ಯಾರು, ಅವರು ಮಾಡಿದ ಸಂಶೋಧನೆ ಯಾವುದು, ಅದರಲ್ಲಿ ಕನ್ನಡ ನಾಡಿನ ಪಾಲೆಷ್ಟು ಎಂಬ ವಿವರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಭಾಭಾರವರನ್ನು ಪರಮಾಣು ಸ್ಥಾವರಗಳ ನಿರ್ಮಾತೃ ಎಂದಷ್ಟೇ ಬಲ್ಲವರು ಬಹುಮಂದಿ. ಅವರು ಮೊದಲಿಗೆ ಪರಮಾಣುವಿನ ಬೀಜವನ್ನು ಹಿಡಿದಿಟ್ಟಿರುವ ಬಲ ಯಾವುದೆಂದು ಚಿಂತಿಸಿದ ಸಿದ್ಧಾಂತಿ. ಆ ಚಿಂತನೆಯ ಒಂದು ಮುಖ್ಯ ಭಾಗ ನಡೆದದ್ದು ಬೆಂಗಳೂರಿನಲ್ಲಿ. ನಾಗರಿಕರ ಮಾಹಿತಿಗಾಗಿ ಅವರ ಜೀವನವೃತ್ತಾಂತವನ್ನು ಇಲ್ಲಿ ನೀಡಲಾಗಿದೆ.

ಮನೆತನ ಮತ್ತು ವಿದ್ಯಾಭ್ಯಾಸ

ಹೋಮಿ ಭಾಭಾರವರು 1909ನೇ ಇಸವಿ ಅಕ್ಟೋಬರ್ 30ರಂದು ಮುಂಬಯಿಯ ಪಾರಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಹಾಂಗೀರ್ ಹರ್ಮುಸ್‌ಜಿ ಭಾಭಾ ನ್ಯಾಯವಾದಿಗಳು, ತಾಯಿ ಮೆಹೆರಬಾಯಿ. ಈ ಮನೆತನಕ್ಕೂ ಮೈಸೂರು ಸೀಮೆಗೂ ಹಳೆಯ ಸಂಬಂಧವಿತ್ತು. ಅಜ್ಜ ಹರ್ಮುಸ್‌ಜಿ ಭಾಭಾರವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದರು. ಚಿತ್ರದುರ್ಗವು ಆ ಸಂಸ್ಥಾನದ ಜಿಲ್ಲೆಗಳಲ್ಲೊಂದಾಗಿದ್ದುದರಿಂದ ಇಲ್ಲಿಯ ಶಾಲೆಗಳೂ ಅವರ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದ್ದವು. ಜಹಾಂಗೀರರ ಬಾಲ್ಯ ಕಳೆದದ್ದು ಬೆಂಗಳೂರಿನಲ್ಲಿಯೇ. ಹೋಮಿಯವರ ಸೋದರತ್ತೆಯನ್ನು ಸರ್ ದೊರಾಬ್‌ಜಿ ಟಾಟಾರವರಿಗೆ ವಿವಾಹ ಮಾಡಿಕೊಡಲಾಗಿತ್ತು. ಜೆಮ್‌ಸೆಟ್‌ಜಿ ಟಾಟಾರವರ ಕನಸಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯು ಮೈಸೂರು ಅರಸರು ನೀಡಿದ ನೆಲದ ಮೇಲೆ ಬೆಂಗಳೂರಿನಲ್ಲಿ ಸ್ಥಾಪನೆಗೊಂಡದ್ದೂ 1909ರಲ್ಲಿ, ಹೋಮಿ ಹುಟ್ಟಿದ ವರ್ಷದಲ್ಲಿ.

ಮುಂಬಯಿಯ ಕೆಥೀಡ್ರಲ್ ಶಾಲೆ, ಎಲ್ಫಿನ್‌ಸ್ಟನ್ ಕಾಲೇಜು ಹಾಗೂ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗಳಲ್ಲಿ ಕಲಿತ ಅವರು 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕೀಸ್ ಕಾಲೇಜನ್ನು ಸೇರಿದರು. ಮಗ ಎಂಜಿನಿಯರ್ ಆಗಿ ಹಿಂದಿರುಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಬೇಕೆಂಬುದು ಹಿರಿಯರ ಅಪೇಕ್ಷೆ. ಮಗನ ಮನಸ್ಸು ಭೌತವಿಜ್ಞಾನದ ಕಡೆಗೆ ಹರಿದಿತ್ತು. ಕೊನೆಗೆ ತಂದೆಯವರು ಒಂದು ಷರತ್ತು ವಿಧಿಸಿದರು: ಯಂತ್ರವಿಜ್ಞಾನದ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದಲ್ಲಿ ಗಣಿತದ ಅಧ್ಯಯನವನ್ನು ಮುಂದುವರಿಸಬಹುದು. 1930ರಲ್ಲಿ ಹೋಮಿಯವರು ಪ್ರಥಮ ದರ್ಜೆ ಪಡೆದರು. ತಂದೆಯವರು ಮಾತು ಉಳಿಸಿಕೊಂಡರು. ಮನೆಯವರ ಇಚ್ಛೆಗೂ ತಮ್ಮ ಒಲವಿಗೂ ನಡುವೆ ಸಿಲುಕಿರುವ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಗಮನಿಸಬಹುದು. ತಂದೆ ತಾಯಿಗಳೂ ಗಮನಿಸಬಹುದು.

1932ರಲ್ಲಿ ಗಣಿತದ ಪರೀಕ್ಷೆಯಲ್ಲಿ ಉತ್ತೀರ್ಣರಾದ ಅವರು 1935ರಲ್ಲಿ ಪಿಎಚ್.ಡಿ. ಪದವಿ ಪಡೆದರು. ಈ ಅವಧಿಯಲ್ಲಿ ಯೂರೋಪಿನ ಹೆಸರಾಂತ ವಿಜ್ಞಾನಿಗಳಾದ ಪೌಲಿ, ಫರ್ಮಿ ಹಾಗೂ ಬೋರ್ ಅವರ ಕೇಂದ್ರಗಳಲ್ಲಿ ಕೆಲಸ ಮಾಡುವ ಅವಕಾಶ ಅವರಿಗೆ ದೊರೆಯಿತು. ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಪರಸ್ಪರ ಚದರುವ ಬಗೆಯನ್ನು ಕುರಿತು ಅವರು ಮಾಡಿದ ಲೆಕ್ಕವು 1936ರಲ್ಲಿ ಪ್ರಕಟವಾಯಿತು. ಅದು ಇಂದಿಗೂ ಭಾಭಾ ಚದುರಿಕೆ ಎಂಬ ಹೆಸರಿನಿಂದಲೇ ಬಳಕೆಯಲ್ಲಿದೆ. 1937ರಲ್ಲಿ ಹೈಟ್ಲರ್ ಅವರೊಡನೆ ವಿಶ್ವಕಿರಣಗಳ ಸೋನೆ ಸಿದ್ಧಾಂತವನ್ನು ಮಂಡಿಸಿದರು. ಆಕಾಶದಿಂದ ಬರುವ ಒಂದು ಕಣವು ವಾಯುಮಂಡಲದಲ್ಲಿ ಎರಡಾಗಿ, ಎರಡು ನಾಲ್ಕಾಗಿ, ಕಣಗಳ ಮಳೆಯೇ ಸುರಿಯುವುದು ಹೇಗೆಂಬುದನ್ನು ಈ ಸಿದ್ಧಾಂತ ವಿವರಿಸುತ್ತದೆ.

ಪರಮಾಣು ಬೀಜದ ಒಗಟು

ಭಾಭಾರವರು ಮುಂದೆ ಕೈಗೆತ್ತಿಕೊಂಡ ಸಮಸ್ಯೆಯನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಅಗತ್ಯ. ಪರಮಾಣುವಿನ ನಡುವಿನ ಬೀಜದಲ್ಲಿ ಪ್ರೋಟಾನ್ ಹಾಗೂ ನ್ಯೂಟ್ರಾನ್ ಎಂಬ ಕಣಗಳಿವೆ. ಪ್ರೋಟಾನುಗಳೆಲ್ಲ ಧನ ವಿದ್ಯುದಂಶವುಳ್ಳವು. ಅವು ಒಂದನ್ನೊಂದು ದೂಡಬೇಕು. ನ್ಯೂಟ್ರಾನಿಗೆ ವಿದ್ಯುದಂಶವೇ ಇಲ್ಲ. ಹೀಗಿದ್ದೂ ಬೀಜವು ಚೆಲ್ಲಾಪಿಲ್ಲಿಯಾಗದೆ ಗಟ್ಟಿಯಾಗಿ ನಿಂತಿದೆ. ಆದ್ದರಿಂದ ವಿದ್ಯುತ್ತಿನ ದೂಡುವಿಕೆಯನ್ನು ಮೀರಿಸುವ ಬೇರೊಂದು ಬಲ ಅಲ್ಲಿರಲೇಬೇಕು. ಇದನ್ನು ಬೈಜಿಕ ಬಲ ಎನ್ನುತ್ತಾರೆ. ಈ ಬಲವು ಕಣಗಳು ಒಂದರ ಪಕ್ಕ ಒಂದು ಬಂದಾಗ ಮಾತ್ರ ಕೆಲಸ ಮಾಡುತ್ತದೆ. ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ದೂರವನ್ನು ಕೆಲವು ಪಟ್ಟು ಮೀರಿದರೆ ಇಲ್ಲವೆನ್ನುವಷ್ಟು ಕ್ಷೀಣವಾಗುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಗಾರೆಯಿಲ್ಲದೆ ಕೂಡಿಸಿದ ಕಲ್ಲುಗಳನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಕಲ್ಲಿಗೆ ಕಲ್ಲು ತಾಗಿದ ಕಡೆಯಲ್ಲಿ ಮಾತ್ರ ಹಿಡಿತವಿದೆ, ಒಂದು ಗೇಣು ಸರಿಸಿದರೆ ಹಿಡಿತವಿಲ್ಲ.

ಈ ಬಲವನ್ನು ಅಳೆಯಲು ವಿಜ್ಞಾನಿಗಳು ಹಗುರವಾದ ಬೀಜಗಳನ್ನೇ ಆರಿಸಿಕೊಂಡರು. ಯುರೇನಿಯಂನಂತಹ ಭಾರವಾದ ಬೀಜದಲ್ಲಿ ಇನ್ನೂರಕ್ಕೂ ಹೆಚ್ಚು ಕಣಗಳಿದ್ದು ಲೆಕ್ಕ ಕೈಗೆ ಸಿಗದು. ಡ್ಯೂಟೆರಾನ್ ಎಂಬ ಬೀಜದಲ್ಲಿ ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಮಾತ್ರ ಇವೆ. ಅವುಗಳನ್ನು ಬೇರ್ಪಡಿಸಲು 2.2 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಮೂರು ಕಣಗಳ ಟ್ರೈಟಾನಿಗೆ ಸುಮಾರು 8.5, ನಾಲ್ಕು ಕಣಗಳ ಹೀಲಿಯಂಗೆ 28.3 ಬೇಕು. ಎರಡು ಕಣಗಳಿದ್ದರೆ ಒಂದು ಜೋಡಿ, ಮೂರಿದ್ದರೆ ಮೂರು ಜೋಡಿ, ನಾಲ್ಕಿದ್ದರೆ ಆರು ಜೋಡಿ. ಜೋಡಿಗಳ ಸಂಖ್ಯೆಗಿಂತ ಬಂಧನ ಶಕ್ತಿಯು ಬಹಳ ವೇಗವಾಗಿ ಏರಿರುವುದನ್ನು ಈ ಅಂಕಿಗಳಲ್ಲಿ ಕಾಣಬಹುದು. ಬಲವು ಅತಿ ಪ್ರಬಲವಾಗಿದ್ದು ಅದರ ವ್ಯಾಪ್ತಿ ಅತಿ ಕಿರಿದಾಗಿದ್ದರೆ ಮಾತ್ರ ಹೀಗಾಗಲು ಸಾಧ್ಯವೆಂದು 1933ರಲ್ಲಿ ವಿಗ್ನರ್ ತೋರಿಸಿದ್ದರು.

ವ್ಯಾಪ್ತಿ ಏಕೆ ಕಿರಿದು ಎಂಬುದಕ್ಕೆ ಜಪಾನಿನ ಹಿಡೆಕಿ ಯುಕಾವಾ 1935ರಲ್ಲಿ ಉತ್ತರ ಸೂಚಿಸಿದರು. ಪ್ರೋಟಾನ್ ಮತ್ತು ನ್ಯೂಟ್ರಾನುಗಳು ತಮ್ಮ ನಡುವೆ ಮತ್ತೊಂದು ಕಣವನ್ನು ಕೊಟ್ಟು ತೆಗೆದುಕೊಳ್ಳುತ್ತವೆ. ಆ ಕಣ ಭಾರವಾದಷ್ಟೂ ಬಲ ಮುಟ್ಟುವ ದೂರ ಕಡಿಮೆ. ಲೆಕ್ಕದ ಪ್ರಕಾರ ಆ ಕಣವು ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರವಿರಬೇಕು. ಮುಂದಿನ ಎರಡು ವರ್ಷಗಳಲ್ಲಿ ವಿಶ್ವಕಿರಣಗಳಲ್ಲಿ ಅಂಥದೇ ಭಾರದ ಕಣವೊಂದು ಕಾಣಿಸಿಕೊಂಡಾಗ ಎಲ್ಲರ ಗಮನ ಅತ್ತ ಹರಿಯಿತು. ವಿಶ್ವಕಿರಣಗಳನ್ನು ಬಲ್ಲವರಾಗಿದ್ದ ಭಾಭಾರವರು ಈ ಕಾರ್ಯಕ್ಕೆ ತಕ್ಕ ವ್ಯಕ್ತಿಯಾಗಿದ್ದರು.

1938ರಲ್ಲಿ ಅವರು ಭಾರವಾದ ಎಲೆಕ್ಟ್ರಾನುಗಳು ಹಾಗೂ ಬೈಜಿಕ ಬಲಗಳನ್ನು ಕುರಿತ ಪ್ರಬಂಧಗಳನ್ನು ಪ್ರಕಟಿಸಿದರು. ಯುಕಾವಾರ ಮೂಲ ಲೆಕ್ಕದಲ್ಲಿ ವಿನಿಮಯದ ಕಣಕ್ಕೆ ಸ್ವಂತ ಗಿರಕಿ ಇರಲಿಲ್ಲ. ಅದರಿಂದ ದೊರೆಯುವ ಬಲವು ಡ್ಯೂಟೆರಾನಿನ ಕಣಗಳ ಗಿರಕಿಗೆ ಸರಿಹೊಂದುತ್ತಿರಲಿಲ್ಲ. ಕಣಕ್ಕೆ ಒಂದು ಮಾನದ ಗಿರಕಿ ಇದೆಯೆಂದು ಭಾವಿಸಿ ಸಮೀಕರಣಗಳನ್ನು ಬರೆದವರಲ್ಲಿ ಭಾಭಾರವರೂ ಒಬ್ಬರು; ಕೆಮ್ಮರ್, ಹೈಟ್ಲರ್ ಮತ್ತು ಫ್ರೋಲಿಕ್ ಇಂಗ್ಲೆಂಡಿನಲ್ಲಿಯೂ, ಸ್ವತಃ ಯುಕಾವಾ ಮತ್ತು ಅವರ ಸಹೋದ್ಯೋಗಿಗಳು ಜಪಾನಿನಲ್ಲಿಯೂ ಅದೇ ವರ್ಷ ಅದೇ ದಾರಿ ಹಿಡಿದಿದ್ದರು. ಇದನ್ನು ಸದಿಶ ಮೆಸಾನ್ ಸಿದ್ಧಾಂತ ಎನ್ನುತ್ತಾರೆ. ಇಂತಹ ಕಣಕ್ಕೆ ಆಯಸ್ಸು ಅತ್ಯಲ್ಪವಾದರೂ, ಅದು ಬೆಳಕಿನ ವೇಗದ ಸಮೀಪದಲ್ಲಿ ಚಲಿಸುವಾಗ ನಮ್ಮ ಗಡಿಯಾರದ ಲೆಕ್ಕದಲ್ಲಿ ಆಯಸ್ಸು ಹಿಗ್ಗುವುದೆಂದು ಅವರು ತೋರಿಸಿದರು. ಇದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಪರೀಕ್ಷಿಸುವ ನೇರ ಮಾರ್ಗವಾಯಿತು. ಕಣಕ್ಕೆ ಮೆಸಾನ್ ಎಂಬ ಚಿಕ್ಕ ಹೆಸರು ಸಾಕೆಂದು 1939ರಲ್ಲಿ ಸೂಚಿಸಿದವರೂ ಅವರೇ. ಆಗ ಚಲಾವಣೆಯಲ್ಲಿದ್ದ ಮೆಸೊಟ್ರಾನ್ ಎಂಬ ಹೆಸರಿನಲ್ಲಿ ಗ್ರೀಕ್ ಮೂಲಕ್ಕೆ ಸೇರದ ಅಕ್ಷರಗಳಿವೆ ಎಂಬುದು ಅವರ ಆಕ್ಷೇಪ. ವ್ಯಾಕರಣದ ಕಾರಣಕ್ಕೆ ಒಂದು ಕಣದ ಹೆಸರು ಬದಲಾದದ್ದು ವಿರಳ.

ಬೆಂಗಳೂರಿನ ವರ್ಷಗಳು

1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ಕೇಂಬ್ರಿಡ್ಜ್‌ಗೆ ಹಿಂದಿರುಗುವ ಮಾರ್ಗ ಮುಚ್ಚಿತು. ಸರ್ ಸಿ.ವಿ. ರಾಮನ್ ಅವರು ಮುಖ್ಯಸ್ಥರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಭಾಭಾರವರು ರೀಡರ್ ಹುದ್ದೆ ಸ್ವೀಕರಿಸಿದರು. ದೊರಾಬ್‌ಜಿ ಟಾಟಾ ದತ್ತಿಯ ನೆರವಿನಿಂದ ವಿಶ್ವಕಿರಣ ಸಂಶೋಧನಾ ಘಟಕ ಪ್ರಾರಂಭವಾಯಿತು. 1941ರಲ್ಲಿ, 31ನೆಯ ವಯಸ್ಸಿನಲ್ಲಿ, ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಚುನಾಯಿತರಾದರು. ವಿಮಾನಗಳಲ್ಲಿ ಉಪಕರಣಗಳನ್ನಿರಿಸಿ ಸುಮಾರು 30,000 ಅಡಿ ಎತ್ತರದವರೆಗೆ ವಿಶ್ವಕಿರಣಗಳ ತೀವ್ರತೆಯನ್ನು ಅಳೆಯುವ ಕಾರ್ಯವೂ ಈ ಘಟಕದಿಂದ ನಡೆಯಿತು.

ಅಷ್ಟರಲ್ಲಿ ಅವರ ಸಿದ್ಧಾಂತ ಕಷ್ಟಕ್ಕೆ ಸಿಲುಕಿತ್ತು. 1939ರಲ್ಲಿ ಅಮೆರಿಕದಲ್ಲಿ ರಾಬಿ ಮತ್ತು ಸಂಗಡಿಗರು ಡ್ಯೂಟೆರಾನ್ ಪೂರ್ಣ ಗುಂಡಗಿಲ್ಲವೆಂದು ಕಂಡುಕೊಂಡರು. ಅದು ಶೇಂಗಾ ಬೀಜದಂತೆ ಕಿಂಚಿತ್ ನೀಳವಾಗಿದೆ. ಸದಿಶ ಮೆಸಾನುಗಳಿಂದ ಮಾತ್ರ ಬಲ ಉಂಟಾಗುವುದಾದರೆ ಡ್ಯೂಟೆರಾನ್ ಇದಕ್ಕೆ ವಿರುದ್ಧವಾಗಿ ಚಪ್ಪಟೆಯಾಗಬೇಕಿತ್ತು. ಅಲ್ಲದೆ ಕಣಗಳು ತೀರ ಹತ್ತಿರ ಬಂದಂತೆ ಲೆಕ್ಕದ ಬಲವು ಮಿತಿಮೀರಿ ಬೆಳೆಯುತ್ತಿತ್ತು. ಮೆಸಾನುಗಳು ಪ್ರೋಟಾನಿಗೆ ಡಿಕ್ಕಿ ಹೊಡೆದು ಚದರುವ ಪ್ರಮಾಣವೂ ವಾಸ್ತವಕ್ಕಿಂತ ಬಹಳ ಹೆಚ್ಚಾಗಿ ಬರುತ್ತಿತ್ತು. ಎರಡೇ ಕಣಗಳ ಅತ್ಯಂತ ಸರಳವಾದ ಬೀಜವೇ ಸಿದ್ಧಾಂತವನ್ನು ಒಪ್ಪಲಿಲ್ಲವೆಂದಾಯಿತು.

ಭಾಭಾರವರು ಈ ಸೋಲನ್ನು ಬದಿಗಿಡಲಿಲ್ಲ. ಬಲವು ಪ್ರಬಲವಾಗಿರುವಾಗ ಸಣ್ಣ ಸಣ್ಣ ತಿದ್ದುಪಡಿಗಳನ್ನು ಕೂಡಿಸುತ್ತ ಹೋಗುವ ರೂಢಿಯ ವಿಧಾನ ನಂಬಲರ್ಹವಲ್ಲವೆಂದು ಮನಗಂಡು, ಮೆಸಾನ್ ಕ್ಷೇತ್ರವನ್ನು ಮೊದಲು ಹಳೆಯ ಶಾಸ್ತ್ರೀಯ ರೀತಿಯಲ್ಲಿ ಪೂರ್ಣವಾಗಿ ಬಿಡಿಸಲು ಯತ್ನಿಸಿದರು. ಕಣವು ಮೆಸಾನ್ ಅಲೆಗಳನ್ನು ಹೊರಸೂಸುವಾಗ ಅದರ ಮೇಲೆಯೇ ಬೀಳುವ ಪ್ರತಿಕ್ರಿಯೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚದುರಿಕೆಯು ಮಿತಿಗೆ ಬರುತ್ತದೆಂದು ತೋರಿಸಿದರು. ಮತ್ತೊಂದು ಸಲಹೆಯನ್ನು ಅವರು 1940ರಲ್ಲಿ ಬೆಂಗಳೂರಿನಿಂದಲೇ, ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟಿಸಿದರು. ಪ್ರೋಟಾನ್ ಮತ್ತು ನ್ಯೂಟ್ರಾನುಗಳಿಗೆ ಹೆಚ್ಚಿನ ಶಕ್ತಿಯ ಬಂಧುಗಳಿರಬೇಕು, ಅವುಗಳಲ್ಲಿ ಪ್ರೋಟಾನಿನ ಎರಡರಷ್ಟು ವಿದ್ಯುದಂಶವುಳ್ಳವೂ ಇರಬೇಕು ಎಂಬುದು ಆ ಸಲಹೆ. ಹೈಟ್ಲರ್ ಅವರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂತಹುದೇ ವಿಚಾರ ಮುಂದಿಟ್ಟರು.

ಆಗ ಇದನ್ನು ಪರೀಕ್ಷಿಸುವ ಯಂತ್ರಗಳಿರಲಿಲ್ಲ. 1952ರಲ್ಲಿ ಷಿಕಾಗೋದಲ್ಲಿ ಫರ್ಮಿಯವರ ತಂಡವು ಮೆಸಾನುಗಳನ್ನು ಪ್ರೋಟಾನಿಗೆ ಹಾಯಿಸಿದಾಗ ಎರಡು ಧನ ವಿದ್ಯುದಂಶದ ಅಲ್ಪಾಯುಷಿ ಸ್ಥಿತಿಯ ಸುಳಿವು ಸಿಕ್ಕಿತು. ಇಂದು ಅದಕ್ಕೆ ಡೆಲ್ಟಾ ಎಂದು ಹೆಸರು. ಭಾಭಾರವರ ಲೆಕ್ಕಕ್ಕೂ ಈ ಕಣಕ್ಕೂ ಎಲ್ಲ ವಿವರಗಳಲ್ಲಿ ಹೊಂದಿಕೆಯಿಲ್ಲ. ಮೂಲ ಕಲ್ಪನೆಯಂತೂ ನಿಂತಿತು. 1957ರಲ್ಲಿ ಜಪಾನಿನ ಫುಜಿತಾ ಮತ್ತು ಮಿಯಾಜಾವಾ, ಮೂರು ಕಣಗಳು ಒಟ್ಟಿಗೆ ಇರುವಾಗ ನಡುವಿನ ಕಣವೊಂದು ಕ್ಷಣಕಾಲ ಡೆಲ್ಟಾ ಆಗಿ ಮಾರ್ಪಟ್ಟು ಮರಳುವುದರಿಂದ ಜೋಡಿ ಬಲಕ್ಕಿಂತ ಬೇರೆಯಾದ ಮೂರು ಕಣಗಳ ಬಲವೊಂದು ಹುಟ್ಟುವುದೆಂದು ತೋರಿಸಿದರು. ಗಣಕಯಂತ್ರಗಳು ಬಂದು ಟ್ರೈಟಾನಿನ ಲೆಕ್ಕವನ್ನು ಕರಾರುವಾಕ್ಕಾಗಿ ಮಾಡಿದಾಗ, ಜೋಡಿ ಬಲಗಳನ್ನಷ್ಟೇ ಕೂಡಿಸಿದರೆ 8.5ರ ಬದಲು ಸುಮಾರು 7.6ರಿಂದ 8ರವರೆಗೆ ಮಾತ್ರ ಬರುವುದು ಕಂಡುಬಂತು. ಉಳಿದ ಕೊರತೆಯನ್ನು ತುಂಬಲು ಮೂರು ಕಣಗಳ ಬಲ ಬೇಕಾಯಿತು. ಹಗುರ ಬೀಜಗಳ ಇಂದಿನ ಎಲ್ಲ ಲೆಕ್ಕಗಳಲ್ಲಿಯೂ ಈ ಬಲಕ್ಕೆ ಸ್ಥಾನವಿದೆ.

ಸದಿಶ ಮೆಸಾನುಗಳ ಗತಿ ಏನಾಯಿತೆಂಬುದನ್ನೂ ಹೇಳಬೇಕು. ವಿಶ್ವಕಿರಣಗಳಲ್ಲಿ ಮೊದಲು ಕಂಡ ಕಣವು ಯುಕಾವಾರ ಕಣವೇ ಅಲ್ಲವೆಂದು ಯುದ್ಧಾನಂತರ ತಿಳಿದುಬಂತು; ಅದು ಇಂದಿನ ಮ್ಯೂಆನ್. ನಿಜವಾದ ಕಣವನ್ನು 1947ರಲ್ಲಿ ಪೊವೆಲ್ ತಂಡದವರು ಕಂಡರು. ಆ ಪಯಾನ್‌ಗೆ ಗಿರಕಿಯಿಲ್ಲ. ಡ್ಯೂಟೆರಾನ್ ನೀಳವಾಗಿರುವುದು ಮುಖ್ಯವಾಗಿ ಅದರಿಂದ. ಹೀಗೆ ಭಾಭಾರವರ ಊಹೆ ತಪ್ಪೆಂದು ತೋರಿತು. ಆದರೆ 1961ರಲ್ಲಿ ಒಂದು ಮಾನದ ಗಿರಕಿಯುಳ್ಳ ರೋ ಮತ್ತು ಒಮೇಗಾ ಮೆಸಾನುಗಳು ಪತ್ತೆಯಾದವು. ಇವು ಪಯಾನಿಗಿಂತ ಐದು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ತೀರ ಹತ್ತಿರದಲ್ಲಿ ಮಾತ್ರ ಪ್ರಭಾವ ಬೀರುತ್ತವೆ. ಕಣಗಳು ಒಂದರೊಳಗೊಂದು ಕುಸಿಯದಂತೆ ತಡೆಯುವ ಒಳಗಿನ ದೂಡುವಿಕೆಯನ್ನು ಇವುಗಳ ಮೂಲಕ ವಿವರಿಸುವ ಮಾದರಿಗಳು ದಶಕಗಳ ಕಾಲ ಬಳಕೆಯಲ್ಲಿದ್ದವು.

ಬೆಂಗಳೂರಿನಲ್ಲಿ ಅವರ ಸುತ್ತ ಸಣ್ಣದೊಂದು ಬಳಗವೂ ಬೆಳೆದಿತ್ತು. 1943ರಲ್ಲಿ ಅವರ ಬಳಿಗೆ ಬಂದ ಹರೀಶ್‌ಚಂದ್ರ ಮುಂದೆ ಜಗದ್ವಿಖ್ಯಾತ ಗಣಿತಜ್ಞರಾದರು. ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಬಿ.ಎಸ್. ಮಾಧವರಾವ್ ಅವರು ಮೆಸಾನ್ ಸಮೀಕರಣಗಳ ಬೀಜಗಣಿತವನ್ನು ಬೆಳೆಸಿದರು. ನಮ್ಮ ನೆರೆಯ ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣ ಅವರಿಗೆ ಭಾಭಾರವರ ಪರಿಚಯವಾದದ್ದು 1944ರಲ್ಲಿ ಮೈಸೂರಿನಲ್ಲಿ, ಸಂಗೀತ ಪರೀಕ್ಷಕರೊಬ್ಬರ ಮೂಲಕ. ಇಬ್ಬರಿಗೂ ಪಾಶ್ಚಾತ್ಯ ಸಂಗೀತದಲ್ಲಿ ಅಪಾರ ಆಸಕ್ತಿ.

ಸಂಸ್ಥೆಗಳ ನಿರ್ಮಾಣ

ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಮರಳುವ ಅವಕಾಶವಿದ್ದರೂ ಭಾಭಾರವರು ಇಲ್ಲಿಯೇ ಉಳಿಯಲು ನಿರ್ಧರಿಸಿದರು. ಮೂಲ ಸಂಶೋಧನೆಗೆ ಮೀಸಲಾದ ಸಂಸ್ಥೆಯೊಂದನ್ನು ಸ್ಥಾಪಿಸುವಂತೆ ಕೋರಿ 1944ರ ಮಾರ್ಚ್ 12ರಂದು ದೊರಾಬ್‌ಜಿ ಟಾಟಾ ದತ್ತಿಗೆ ಪತ್ರ ಬರೆದರು. ಅದರ ಫಲವಾಗಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರ ಜೂನ್ 1ರಂದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾರ್ಯಾರಂಭ ಮಾಡಿ, ಅದೇ ವರ್ಷಾಂತ್ಯದಲ್ಲಿ ಮುಂಬಯಿಗೆ ಸ್ಥಳಾಂತರಗೊಂಡಿತು. 1948ರಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾದಾಗ ಅವರು ಅದರ ಅಧ್ಯಕ್ಷರಾದರು. 1954ರಲ್ಲಿ ಪರಮಾಣು ಶಕ್ತಿ ಇಲಾಖೆ ಸ್ಥಾಪನೆಯಾದಾಗ ಕಾರ್ಯದರ್ಶಿಯಾದರು. ಅದೇ ವರ್ಷ ಪದ್ಮಭೂಷಣ ಪ್ರಶಸ್ತಿ ಲಭಿಸಿತು. ಟ್ರಾಂಬೆಯಲ್ಲಿ ಏಷ್ಯಾದ ಮೊದಲ ಸಂಶೋಧನಾ ರಿಯಾಕ್ಟರುಗಳಲ್ಲೊಂದಾದ ಅಪ್ಸರಾ 1956ರ ಆಗಸ್ಟ್ 4ರಂದು ಚಾಲನೆಗೊಂಡಿತು. 1957ರಲ್ಲಿ ಅಲ್ಲಿ ಆರಂಭವಾದ ತರಬೇತಿ ಶಾಲೆಯಿಂದ ದೇಶದ ಪರಮಾಣು ವಿಜ್ಞಾನಿಗಳ ಹಲವು ತಲೆಮಾರುಗಳು ಹೊರಬಂದಿವೆ.

ಇಷ್ಟರ ನಡುವೆ ಅವರ ಸೈದ್ಧಾಂತಿಕ ಲೇಖನಗಳು ಕಡಿಮೆಯಾಗುತ್ತ ಬಂದು 1950ರ ದಶಕದ ಮಧ್ಯಭಾಗದಲ್ಲಿ ಬಹುಮಟ್ಟಿಗೆ ನಿಂತುಹೋದವು. ಡೆಲ್ಟಾ ಕಣ ಕಂಡುಬಂದು ಅವರ ಹಳೆಯ ಸಲಹೆಗೆ ಜೀವ ಬಂದ ಕಾಲದಲ್ಲಿಯೇ ಅವರ ಮೇಜಿನ ಮೇಲೆ ಕಡತಗಳು ತುಂಬಿದ್ದವು. ದೇಶಕ್ಕೆ ಇದರಿಂದ ಲಾಭವಾಯಿತು ಎನ್ನುವುದರಲ್ಲಿ ಸಂದೇಹವಿಲ್ಲ. ಭೌತವಿಜ್ಞಾನಕ್ಕೆ ನಷ್ಟವಾಯಿತು ಎನ್ನುವುದೂ ಅಷ್ಟೇ ನಿಜ. ಪ್ರಯೋಗಗಳ ಬಗ್ಗೆ ಅವರ ಆಸಕ್ತಿ ಮಾತ್ರ ಕುಂದಲಿಲ್ಲ. ಅವರ ಸೂಚನೆಯ ಮೇರೆಗೆ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಅವರು 1951ರಿಂದ ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದರು. ಆ ಗಣಿಗಳಲ್ಲಿಯೇ 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ದೊರೆಯಿತು.

1955ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆ ಏರ್ಪಡಿಸಿದ್ದ ಪರಮಾಣು ಶಕ್ತಿಯ ಶಾಂತಿಯುತ ಬಳಕೆಯ ಸಮ್ಮೇಳನಕ್ಕೆ ಭಾಭಾರವರೇ ಅಧ್ಯಕ್ಷರು. ಹಗುರ ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ವಿಧಾನವು ಇಪ್ಪತ್ತು ವರ್ಷಗಳೊಳಗೆ ಮನುಷ್ಯನ ಹಿಡಿತಕ್ಕೆ ಬರುವುದೆಂದು ಅವರು ಅಲ್ಲಿ ಭವಿಷ್ಯ ನುಡಿದರು. ಅದು ನಿಜವಾಗಲಿಲ್ಲ. ಎಪ್ಪತ್ತು ವರ್ಷಗಳು ಕಳೆದರೂ ಅಂತಹ ವಿದ್ಯುತ್ತು ಯಾವ ಊರಿನ ತಂತಿಯಲ್ಲಿಯೂ ಹರಿದಿಲ್ಲ.

ಮರಣ ಹಾಗೂ ನಂತರ

1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ತೆರಳುತ್ತಿದ್ದ ಭಾಭಾರವರು ಏರ್ ಇಂಡಿಯಾದ ಕಾಂಚನಜಂಗಾ ವಿಮಾನವು ಆಲ್ಪ್ಸ್ ಶ್ರೇಣಿಯ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿದಾಗ ನಿಧನರಾದರು. ವಿಮಾನದಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ವಿಮಾನದ ಸ್ಥಾನವನ್ನು ಚಾಲಕರು ತಪ್ಪಾಗಿ ಅಂದಾಜಿಸಿದ್ದೇ ಅಪಘಾತಕ್ಕೆ ಕಾರಣವೆಂದು ಅಧಿಕೃತ ತನಿಖೆ ತಿಳಿಸಿತು. ಅವರಿಗೆ ಆಗ 56 ವರ್ಷ. ಅವರು ಅವಿವಾಹಿತರಾಗಿದ್ದರು. ಚಿತ್ರಕಲೆ, ಸಂಗೀತ ಮತ್ತು ಗಿಡಮರಗಳಲ್ಲಿ ಅವರಿಗಿದ್ದ ಪ್ರೀತಿಯ ಗುರುತುಗಳು ಅವರು ಕಟ್ಟಿದ ಸಂಸ್ಥೆಗಳ ಆವರಣಗಳಲ್ಲಿ ಇಂದಿಗೂ ಉಳಿದಿವೆ. 1967ರ ಜನವರಿ 12ರಂದು ಟ್ರಾಂಬೆಯ ಕೇಂದ್ರಕ್ಕೆ ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಭಾಭಾರವರ ಹೆಸರನ್ನಿಟ್ಟರು.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಈ ಕೇಂದ್ರಕ್ಕೆ ಸುಮಾರು 1,810 ಎಕರೆ, ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಮಂಜೂರಾಗಿದೆ. ರಕ್ಷಣಾ ಸಂಶೋಧನೆ ಹಾಗೂ ಬಾಹ್ಯಾಕಾಶ ಸಂಸ್ಥೆಗಳೂ ಅಲ್ಲಿ ಜಮೀನು ಪಡೆದಿವೆ. ಈ ಕಾವಲುಗಳು ತಲೆತಲಾಂತರದಿಂದ ಸುತ್ತಲಿನ ಹಳ್ಳಿಗಳ ದನ ಕುರಿಗಳಿಗೆ ಹುಲ್ಲುಗಾವಲಾಗಿದ್ದವು. ಭೂಮಿ ಹಂಚಿಕೆಯನ್ನು ಪ್ರಶ್ನಿಸಿ ಗ್ರಾಮಸ್ಥರು ಹಾಗೂ ಪರಿಸರಾಸಕ್ತರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೋಗಿದ್ದರು. ದನ ಮೇಯಿಸುವವರ ಅಳಲನ್ನು ಬಿಟ್ಟು ಈ ಜಾಗದ ಇತಿಹಾಸವನ್ನು ಹೇಳಿದರೆ ಅದು ಅರ್ಧ ಇತಿಹಾಸವಾಗುತ್ತದೆ.

ಭಾಭಾರವರು 1939ರಿಂದ 1945ರವರೆಗೆ ದುಡಿದ ಸಂಸ್ಥೆಯ ಖುದಾಪುರ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುವ ಕೇಂದ್ರವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಶಿಕ್ಷಕರಿಗೆ ಇದು ಜಿಲ್ಲೆಯೊಳಗೇ ಇರುವ ಅನುಕೂಲ.